ಮಳಿ ಬಂದ್ರ ಲೇಸರ್ ಲಿಂಕ್ ಬೀಳ್ತದ: ಕಲಬುರಗಿಯೊಳಗ 1.1 ಕಿ.ಮೀ. ಎಫ್‌ಎಸ್‌ಒ ನಿಲ್ತದೇನ್ರಿ?

ತಂತಿಯಿಲ್ಲದ_ತಂತಿ
ಸೇಡಂ ರಸ್ತೆ ಕಡಿ ಎರಡು ಕಟ್ಟಡ ಅವ. ನಡುವ 1.1 ಕಿ.ಮೀ., ಎದುರಿಗೆದುರು ಸ್ವಚ್ಛ ಕಾಣಸ್ತದ. ಫೈಬರ್ ಹಾಕಬೇಕಂದ್ರ ರಸ್ತಿ ಅಗೀಬೇಕು, ಪರವಾನಗಿ ಯಾವಾಗ ಸಿಗ್ತದೋ ದೇವರೇ ಬಲ್ಲ. ಅದಕ್ಕ ಮಾಳಿಗಿ ಮ್ಯಾಲ ಎಫ್‌ಎಸ್‌ಒ, ಅಂದ್ರ ಗಾಳಿಯೊಳಗ ಬೆಳಕು ಕಳಸೋ ಲಿಂಕ್ ಕೂಡಸೋ ವಿಚಾರ. ಪೆಟ್ಟಿಗಿ ಮ್ಯಾಲ ಬರದದ್ದು ಇಷ್ಟು: 1550 ನ್ಯಾನೋಮೀಟರ್, ಕಳಸೋ ಪವರ್ +13 ಡಿಬಿಎಂ, ಕಿರಣದ ಹರವು 2 ಮಿಲಿರೇಡಿಯನ್, ಹಿಡಿಯೋ ಲೆನ್ಸ್ 15 ಸೆಂ.ಮೀ., ರಿಸೀವರ್ −30 ಡಿಬಿಎಂ ತನಕ ಓದ್ತದ, ವೇಗ 1 ಗಿಗಾಬಿಟ್. ಮಾರೋರು "ಮಳಿಗೆ ಏನೂ ಆಗಲ್ಲ, 2 ಕಿ.ಮೀ. ಗ್ಯಾರಂಟಿ" ಅಂತಾರ. ಎಷ್ಟು ಮಳಿಗೆ ಬೀಳ್ತದ ಅಂತ ಲೆಕ್ಕ ಹಾಕೋದು ಹೆಂಗ? ಬಲ್ಲೋರು ಹೇಳ್ರಿ.

ಬಿಸಿಲೂರು
ಗ್ಯಾರಂಟಿ ಏಪ್ರಿಲ್-ಮೇ ತಿಂಗಳಿಗಷ್ಟೇ ಇರ್ಬೇಕು.

ಡೆಸಿಬೆಲ್_ದಾದಾ
ಮೊದಲು ಒಣ ಲೆಕ್ಕ, ಅಂದ್ರ ಮಳಿ ಇಲ್ಲದಾಗಿಂದು. ಡಿಬಿ ಅಂದ್ರ ಪವರ್ ಎಷ್ಟು ಪಟ್ಟು ಅನ್ನೋ ಅಳತಿ: 10 ಡಿಬಿ ಹೋದ್ರ ಹತ್ತನೇ ಒಂದು ಪಾಲು ಉಳೀತದ. ಡಿಬಿಎಂ ಅಂದ್ರ 1 ಮಿಲಿವ್ಯಾಟ್‌ಗೆ ಹೋಲಿಸಿದ ಪವರ್. 2 ಮಿಲಿರೇಡಿಯನ್ ಕಿರಣ 1.1 ಕಿ.ಮೀ. ಹೋದ್ರ 2.2 ಮೀಟರ್ ಅಗಲ ಆಗ್ತದ. ಅದ್ರಾಗ ನಿಮ್ಮ ಲೆನ್ಸ್ ಹಿಡಿಯೋದು 15 ಸೆಂ.ಮೀ. ಅಷ್ಟೇ. ನಷ್ಟ 23.3 ಡಿಬಿ. ಲೆನ್ಸ್, ಫಿಲ್ಟರ್, ಗಾಜು ಸೇರಿ 4, ಗುರಿ ತಪ್ಪೋದಕ್ಕ 2 ಇಡ್ರಿ. 13 − 23.3 − 4 − 2 = −16.3 ಡಿಬಿಎಂ ಬಂದು ಮುಟ್ಟತದ. ರಿಸೀವರ್ −30 ತನಕ ತಾಳ್ತದ ಅಂದ್ರ ಕೈಯಾಗ ಉಳಿಯೋದು 13.7 ಡಿಬಿ. ಮಳಿ, ಮಂಜು, ಧೂಳು, ಗಾಜಿನ ಮ್ಯಾಲಿನ ನೀರು ಎಲ್ಲಾ ಇದರೊಳಗೇ ಆಗಬೇಕು.

ಇನ್ನ ಮಳಿ. ಐಟಿಯು-ಆರ್ (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ವಿಭಾಗ) ಪಿ.1814 ಶಿಫಾರಸಿನೊಳಗ ಎರಡು ಜೋಡಿ ಅಂಕಿ ಅವ. ಪ್ರತಿ ಕಿ.ಮೀ. ನಷ್ಟ = ಕೆ × (ತಾಸಿಗೆ ಮಿ.ಮೀ. ಮಳಿ)ಯ ಆಲ್ಫಾ ಘಾತ. ಫ್ರಾನ್ಸಿಂದು ಕೆ 1.076, ಆಲ್ಫಾ 0.67. ಜಪಾನಿಂದು 1.58 ಮತ್ತು 0.63.

ತಾಸಿಗೆ 10 ಮಿ.ಮೀ.: 5.0 / 6.7 ಡಿಬಿ
25 ಮಿ.ಮೀ.: 9.3 / 12.0
50 ಮಿ.ಮೀ.: 14.8 / 18.6
100 ಮಿ.ಮೀ.: 23.5 / 28.7

ಮೊದಲಿನ ಅಂಕಿ ಫ್ರಾನ್ಸ್, ಎರಡನೇದು ಜಪಾನ್, ಎರಡೂ ಪ್ರತಿ ಕಿ.ಮೀ.ಗೆ. ನಿಮ್ಮ 13.7 ಡಿಬಿಯನ್ನ 1.1ರಿಂದ ಭಾಗಿಸಿದ್ರ ಕಿ.ಮೀ.ಗೆ 12.45. ಅದನ್ನ ತಿರುಗಿಸಿದ್ರ ಲಿಂಕ್ ಬೀಳೋ ಮಳಿ ಜಪಾನ್ ಲೆಕ್ಕಕ್ಕ ತಾಸಿಗೆ 26 ಮಿ.ಮೀ., ಫ್ರಾನ್ಸ್ ಲೆಕ್ಕಕ್ಕ 39. ನಮ್ಮ ಕಡಿ ಸೆಪ್ಟೆಂಬರ್ ಗುಡುಗು ಮಳಿಗೆ ಇದು ಏನೂ ಅಲ್ಲ.

ಪ್ರಿಸಂ_ಪ್ರೇಮಿ
ಆದರೆ 1550 ತೆಗೆದುಕೊಂಡಿರುವುದು ಒಳ್ಳೆಯದೇ. ಚದುರುವಿಕೆ ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮ. ಹಾಗಾಗಿ 850 ನ್ಯಾನೋಮೀಟರ್‌ಗಿಂತ 1550ರಲ್ಲಿ ಮಳೆಯ ನಷ್ಟ ಹನ್ನೊಂದು ಪಟ್ಟು ಕಡಿಮೆ ಇರಬೇಕಲ್ಲ?

ಎರಡು_ಪಟ್ಟು_ನೆರಳು
ಇಲ್ರಿ, ಅದು ರೇಲೀ ಚದುರಿಕೆ. ಗಾಳಿಯ ಅಣುವಿಗೆ ಸರಿ, ಮಳಿ ಹನಿಗೆ ಅಲ್ಲ. ನೋಡಬೇಕಾದ್ದು ಪೈ × ಹನಿಯ ವ್ಯಾಸ ÷ ತರಂಗದೂರ. 2 ಮಿ.ಮೀ. ಹನಿಗೆ 1550ರೊಳಗ ಇದು ಸುಮಾರು 4000. ರೇಲೀ ನಡೀಬೇಕಂದ್ರ 1ಕ್ಕಿಂತ ಭಾಳ ಕಡಿಮಿ ಇರಬೇಕು. ಇಷ್ಟು ದೊಡ್ಡ ಹನಿ ಎದುರಿಗೆ ಬಂದ್ರ ಬೆಳಕು ಯಾವ ಬಣ್ಣದ್ದಾದ್ರೂ ಒಂದೇ: ಹನಿಯ ನೆರಳಿನಷ್ಟು ಬೆಳಕು ತಡೀತದ, ಅಷ್ಟೇ ಬೆಳಕು ಹನಿಯ ಅಂಚಿನ ಸುತ್ತ ವಿವರ್ತನೆಯಿಂದ ಬಾಗಿ ಹೋಗ್ತದ. ಒಟ್ಟು ನಷ್ಟ ಹನಿಯ ಅಡ್ಡಕೊಯ್ತದ ಎರಡು ಪಟ್ಟು. ಮ್ಯಾಲಿನ ಸೂತ್ರದೊಳಗ ತರಂಗದೂರ ಎಲ್ಲೂ ಇಲ್ಲ, ನೋಡ್ರಿ. ಅದಕ್ಕ ಕಾರಣ ಇದೇ.

1550ರ ಲಾಭ ಬ್ಯಾರೆ. ಕಣ್ಣಿನ ಮುಂದಿನ ಭಾಗ ಆ ಬೆಳಕನ್ನ ಹೀರಿಕೊಳ್ತದ, ರೆಟಿನಾ ತನಕ ಬಿಡಲ್ಲ. ಹಂಗಾಗಿ ಸುರಕ್ಷತೆಯ ಮಿತಿಯೊಳಗೇ ಹೆಚ್ಚು ಪವರ್ ಕಳಸಬಹುದು.

ಪ್ರಿಸಂ_ಪ್ರೇಮಿ
ಸರಿ, ಒಪ್ಪಿದೆ. ಆದರೆ 1.58, 0.63 ಎಂಬ ಅಂಕಿಗಳು ಎಲ್ಲಿಂದ ಬಂದವು? ಬರೀ ಅಳತೆಗೆ ಗೆರೆ ಹೊಂದಿಸಿದ್ದೇ?

ಎರಡು_ಪಟ್ಟು_ನೆರಳು
ಕಾಗದ ಪೆನ್ನು ತಗೊಂಡು ನೀವೇ ತೆಗೀಬಹುದು. ಮಾರ್ಷಲ್–ಪಾಮರ್, 1948. ಒಂದು ಘನ ಮೀಟರ್ ಗಾಳಿಯೊಳಗ ಯಾವ ಗಾತ್ರದ ಹನಿ ಎಷ್ಟು ಅಂತ ಹೇಳೋ ಹಂಚಿಕೆ ಅದು: 8000 × ಇ ಘಾತ (−ಲ್ಯಾಂಬ್ಡಾ × ವ್ಯಾಸ). ಲ್ಯಾಂಬ್ಡಾ = 4.1 × ಮಳಿಯ −0.21 ಘಾತ. ಪ್ರತಿ ಹನಿಯ ಅಡ್ಡಕೊಯ್ತದ ಎರಡು ಪಟ್ಟನ್ನ ಎಲ್ಲಾ ಗಾತ್ರಕ್ಕೂ ಕೂಡಿಸಿದ್ರ ಉತ್ತರ ಪೈ × 8000 ÷ ಲ್ಯಾಂಬ್ಡಾದ ಘನ. ತಾಸಿಗೆ 1 ಮಿ.ಮೀ. ಮಳಿ ಇಡ್ರಿ: ಘನ ಮೀಟರಿಗೆ 365 ಚದರ ಮಿ.ಮೀ., ಅಂದ್ರ ಕಿ.ಮೀ.ಗೆ 0.365. ಅದನ್ನ ಡಿಬಿಗೆ ತಿರುಗಿಸಲಿಕ್ಕೆ 4.343ರಿಂದ ಗುಣಿಸಿದ್ರ 1.58 ಡಿಬಿ. ಲ್ಯಾಂಬ್ಡಾದ ಘನ ಇರೋದ್ರಿಂದ ಘಾತ 3 × 0.21 = 0.63. ಜಪಾನಿನ ಜೋಡಿ ಹಂಗ ಹಂಗೇ ಬಂತು.

ಗುಡುಗು_ಮಿಂಚು
ಲೆಕ್ಕ ಛಲೋ ಅದ, ಆದ್ರ ನಮ್ಮೂರ ಮಳಿಗೆ ಮಾರ್ಷಲ್–ಪಾಮರ್ ಹೊಂದಲ್ಲ. ಅದು ತಾಸುಗಟ್ಟಲೆ ಹಿಡಿದು ಬೀಳೋ ಸಾಧಾರಣ ಮಳಿಯ ಹಂಚಿಕೆ. ಕಲಬುರಗಿಯೊಳಗ ಜೋರು ಮಳಿ ಅಂದ್ರ ಸಂಜಿ ಮೋಡ ಕಟ್ಟಿ ಗುಡುಗಿ ಬೀಳೋದು. ದೊಡ್ಡ ಹನಿ, ಸಂಖ್ಯೆ ಕಡಿಮಿ. ಒಂದೇ ಲೀಟರ್ ನೀರು ದೊಡ್ಡ ಹನಿಯಾಗಿ ಬಿದ್ರ ಅಡ್ಡಕೊಯ್ತ ಕಡಿಮಿ. ಮ್ಯಾಲ ದೊಡ್ಡ ಹನಿ ಬೀಳೋ ವೇಗನೂ ಹೆಚ್ಚು, ಅದಕ್ಕ ಒಂದು ಗಳಿಗಿಗೆ ಗಾಳಿಯೊಳಗ ಇರೋ ನೀರೇ ಕಡಿಮಿ.

ಜಾಸ್ ಮತ್ತವರ ಸಂಗಡಿಗರು 1968ರೊಳಗ ಕೊಟ್ಟ ಅಂಕಿ: 8000, 4.1ರ ಜಾಗಕ್ಕ ಗುಡುಗು ಮಳಿಗೆ 1400 ಮತ್ತು 3.0, ತುಂತುರಿಗೆ 30000 ಮತ್ತು 5.7. ಅದೇ ಸೂತ್ರಕ್ಕ ಹಾಕಿದ್ರ ಕೆ ಗುಡುಗು ಮಳಿಗೆ 0.71, ತುಂತುರಿಗೆ 2.2. ತಾಸಿಗೆ 50 ಮಿ.ಮೀ. ಗುಡುಗು ಮಳಿಗೆ ಕಿ.ಮೀ.ಗೆ 8.3 ಡಿಬಿ ಅಷ್ಟೇ, 18.6 ಅಲ್ಲ. ಇವರ ಲಿಂಕ್ ತಾಸಿಗೆ 95 ಮಿ.ಮೀ. ತನಕ ನಿಲ್ತದ.

ಡೆಸಿಬೆಲ್_ದಾದಾ
ಅಣ್ಣಾ, ಮೂರು ಅಂಕಿಯೊಳಗ ಚಂದ ಕಾಣೋದನ್ನ ಆರಿಸಿಕೊಂಡು ಲಿಂಕ್ ಕೂಡಸೋದು ಬ್ಯಾಡ. ಗುಡುಗು ಮಳಿ ಮೊದಲ ಹತ್ತು ನಿಮಿಷ ದೊಡ್ಡ ಹನಿ, ಆಮ್ಯಾಲ ಅದೇ ಮೋಡದ ಬಾಲ ಸಣ್ಣ ಹನಿ ಸುರಸ್ತದ. ಗಾಳಿ ಹೊಡೆದ್ರ ಮಾಳಿಗಿ ಮ್ಯಾಲ ಬಿದ್ದ ಹನಿ ಒಡೆದು ಪುಡಿ ಆಗ್ತದ. ಕೆಟ್ಟ ಅಂಕಿ ಹಿಡಿದು ಕೂಡಸ್ರಿ, ಛಲೋ ಅಂಕಿ ಬಂದ್ರ ಖುಷಿ ಪಡ್ರಿ.

ಗುಡುಗು_ಮಿಂಚು
ಕೆಟ್ಟ ಅಂಕಿ ಹಿಡಿದ್ರ ಯಾವ ಲಿಂಕೂ ಕೂಡಸೋ ಹಂಗಿಲ್ಲ ಮತ್ತ. ತುಂತುರಿನ ಕೆ ಹಿಡಿದು ತಾಸಿಗೆ 100 ಮಿ.ಮೀ. ಲೆಕ್ಕ ಹಾಕೋದು ಸುಳ್ಳೇ ಅಲ್ಲೇನು? ತುಂತುರು ಯಾವತ್ತೂ 100 ಮಿ.ಮೀ. ಬೀಳಲ್ಲ.

ಡೆಸಿಬೆಲ್_ದಾದಾ
ತುಂತುರು ಹಿಡೀರಿ ಅಂತ ಯಾರು ಹೇಳ್ಯಾರ? ಜಪಾನ್ ಜೋಡಿ ಹಿಡೀರಿ ಅಂದೆ.

ಮಳೆಮಾಪಕ
ಇಬ್ಬರೂ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ: ಮಳೆಯ ತೀವ್ರತೆಯನ್ನು ಎಷ್ಟು ಹೊತ್ತಿನ ಸರಾಸರಿಯಾಗಿ ಅಳೆಯುತ್ತೀರಿ ಎನ್ನುವುದು. ದಿನಕ್ಕೆ ಇಷ್ಟು ಮಿ.ಮೀ. ಎಂಬ ವರದಿ ಇಲ್ಲಿ ಉಪಯೋಗಕ್ಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕೊಡುತ್ತವೆ. ರೈತರಿಗೆ ಧಾರಾಳವಾಗಿ ಸಾಕು, ಲಿಂಕ್‌ಗೆ ಸಾಲದು. 15 ನಿಮಿಷದಲ್ಲಿ 10 ಮಿ.ಮೀ. ಬಿದ್ದರೆ ಸರಾಸರಿ ತಾಸಿಗೆ 40. ಆದರೆ ಅದರಲ್ಲಿ 8 ಮಿ.ಮೀ. ಐದೇ ನಿಮಿಷದಲ್ಲಿ ಬಿದ್ದಿದ್ದರೆ ಆ ಐದು ನಿಮಿಷ ತೀವ್ರತೆ 96. ಲಿಂಕ್ ಬೀಳುವುದು ಆ ಐದು ನಿಮಿಷದಲ್ಲಿ. ಅದಕ್ಕೇ ಐಟಿಯು ಲೆಕ್ಕಗಳೆಲ್ಲ ಒಂದು ನಿಮಿಷದ ತೀವ್ರತೆಯ ಮೇಲೆ ನಿಂತಿವೆ.

ನೀವೇ ಅಳೆಯುವುದಾದರೆ 0.2 ಮಿ.ಮೀ.ಗೊಮ್ಮೆ ಮಗುಚುವ ಬಕೆಟ್ ಮಾಪಕ ಸಾಕು. ಆದರೆ ನಿಮಿಷಕ್ಕೆ ಎಷ್ಟು ಸಲ ಮಗುಚಿತು ಎಂದು ಎಣಿಸಬೇಡಿ. ಒಂದು ಮಗುಚಿಗೆ ತಾಸಿಗೆ 12 ಮಿ.ಮೀ. ಎಂದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಎರಡು ಮಗುಚುಗಳ ನಡುವಿನ ಸೆಕೆಂಡು ಹಿಡಿಯಿರಿ: 12 ಸೆಕೆಂಡಾದರೆ ತಾಸಿಗೆ 60 ಮಿ.ಮೀ. ಜೊತೆಗೆ ರಿಸೀವರ್ ಪವರನ್ನು ಸೆಕೆಂಡಿಗೊಮ್ಮೆ ದಾಖಲಿಸಿ, ಎರಡರ ಗಡಿಯಾರ ಒಂದೇ ಇರಲಿ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ನಿಮ್ಮ ಊರಿನ ಕೆ, ಆಲ್ಫಾ ನಿಮ್ಮ ಕೈಯಲ್ಲೇ ಇರುತ್ತವೆ, ಈ ಜಗಳವೂ ಮುಗಿಯುತ್ತದೆ.

ಶಹಾಬಾದ್_ಪರ್ಸಿ
ಮಳಿ ಬಂದ್ರ ನಮ್ಮ ಡಿಶ್ ಟಿವಿನೂ ಹೋಗ್ತದ, ಅದೂ ಇದೇ ಕಾರಣಕ್ಕೇನ್ರಿ?

ಎರಡು_ಪಟ್ಟು_ನೆರಳು
ಅರ್ಧ. ಡಿಶ್‌ಗೆ ಬರೋದು 11–12 ಗಿಗಾಹರ್ಟ್ಸ್, ತರಂಗದೂರ ಎರಡೂವರಿ ಸೆಂ.ಮೀ. ಅಲ್ಲಿ ಹನಿ ತರಂಗಕ್ಕಿಂತ ಸಣ್ಣದು, ಹೀರಿಕೊಳ್ಳೋದೇ ಹೆಚ್ಚು. ಬೆಳಕಿನ ಲಿಂಕ್‌ನೊಳಗ ಚದುರೋದು ಹೆಚ್ಚು. ಹಂಗೇ ಡಿಶ್ ಸಿಗ್ನಲ್ ಮ್ಯಾಲಿಂದ ಮಳಿಯ ಪೂರಾ ದಪ್ಪ ಹಾದು ಬರ್ತದ, ನಿಮ್ಮ ಮನಿ ಮ್ಯಾಲ ಹನಿ ಬೀಳದಿದ್ರೂ ಚಿತ್ರ ನಿಲ್ಲಬಹುದು.

ಬರೀದ್_ಶಾಹಿ
ಎಲ್ಲಾರೂ ಮಳಿ ಮಳಿ ಅಂತೀರಿ. ಖರೇ ವೈರಿ ಮಂಜು. ಬೀದರ್ ಕಡಿ ಚಳಿಗಾಲದ ಬೆಳಗಿಗೆ ಕ್ವಾಟಿ ಗೋಡಿ ಕಾಣಸಲ್ಲ, ಅಂಥ ದಿನ ನಿಮ್ಮ ಲೆಕ್ಕ ಹಾಕಿ ನೋಡ್ರಿ. ಮಂಜಿಗೆ ಅಂದಾಜು ಸೂತ್ರ 17 ÷ ಕಾಣೋ ದೂರ (ಕಿ.ಮೀ.). 200 ಮೀ. ಕಾಣಸ್ತದ ಅಂದ್ರ ಕಿ.ಮೀ.ಗೆ 85 ಡಿಬಿ. 50 ಮೀ. ಅಂದ್ರ 340. ತಾಸಿಗೆ 100 ಮಿ.ಮೀ. ಮಳಿ ಇದರ ಮುಂದ ಆಟದ ಸಾಮಾನು. ಯಾಕಂದ್ರ ಮಂಜಿನ ಹನಿ ಕೆಲವು ಮೈಕ್ರಾನ್, ಸಂಖ್ಯೆ ಲೆಕ್ಕ ಇಲ್ಲದಷ್ಟು. ಇವರ 1.1 ಕಿ.ಮೀ. ಲಿಂಕ್ 900 ಮೀ. ಕಾಣೋ ಮಂಜಿಗೇ ಬೀಳ್ತದ.

ಪ್ರಿಸಂ_ಪ್ರೇಮಿ
ಇಲ್ಲಾದರೂ ತರಂಗದೂರ ಲೆಕ್ಕಕ್ಕೆ ಬರುತ್ತದೆಯೇ?

ಬರೀದ್_ಶಾಹಿ
ತೆಳು ಮಂಜಿಗೆ ಬರ್ತದ. 1 ಕಿ.ಮೀ. ಕಾಣಸ್ತಿದ್ರ ಕಿಮ್ ಸೂತ್ರದ ಪ್ರಕಾರ ಕಿ.ಮೀ.ಗೆ 850ಕ್ಕ 13.7 ಡಿಬಿ, 1550ಕ್ಕ 10. ಮ್ಯಾಲ ಹೇಳಿದ 900 ಮೀ. ಬಂದದ್ದೂ ಈ 1550ರ ಲೆಕ್ಕಕ್ಕೇ. ಅರ್ಧ ಕಿ.ಮೀ.ಗಿಂತ ಕಡಿಮಿ ಕಂಡ್ರ ಆ ಲಾಭನೂ ಇಲ್ಲ, ಎಲ್ಲಾ ಒಂದೇ.

ಭೀಮಾ_ದಂಡಿ
ಯಾದಗಿರಿ ಕಡಿ ಹೊಳಿ ದಾಟಸೋ ಲಿಂಕ್‌ಗೂ ಇದೇ ಮಾತು. ಬೆಳಗಿನ ಜಾವ ನೀರಿನ ಮ್ಯಾಲಷ್ಟೇ ಮಂಜು ಕೂಡ್ತದ, ಊರಾಗ ಇರಲ್ಲ. ಕಿರಣ ನೀರಿಂದ ಎಷ್ಟು ಎತ್ತರ ಇದ್ರ ಅಷ್ಟು ಛಲೋ. ಅದ್ಸರಿ, ಕಾಂಗೋ ನದಿ ಮ್ಯಾಲ ಬ್ರಾಝವಿಲ್‌ನಿಂದ ಕಿನ್ಶಾಸಾಕ್ಕ 4.8 ಕಿ.ಮೀ. ಬೆಳಕಿನ ಲಿಂಕ್ ಹಾಕ್ಯಾರಲ್ಲ, ಅದು ಹೆಂಗ ನಿಂತದ?

ಡೆಸಿಬೆಲ್_ದಾದಾ
ಅದು ತಾರಾ ಲಿಂಕ್, ಆಗ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನೊಳಗ ಇದ್ದ ಯೋಜನೆ. 20 ದಿನದಾಗ 700 ಟೆರಾಬೈಟ್ ಕಳಸಿ ಶೇ. 99.9 ನಿಂತದ ಅಂತ 2021ರಾಗ ಅವರೇ ಹೇಳಿಕೊಂಡದ್ದು. ಅದ್ರಾಗ ಕನ್ನಡಿ ತಾನೇ ತಿರುಗಿ ಕಿರಣವನ್ನ ಎದುರಿನ ಲೆನ್ಸಿಗೆ ಹಿಡಿದಿಡ್ತದ, ಹಂಗಾಗಿ ಕಿರಣ ಭಾಳ ಸಣ್ಣ ಇಡಬಹುದು, ಹರವಿನ ನಷ್ಟ ಉಳೀತದ. ಇವರ ಪೆಟ್ಟಿಗಿ ನಟ್ಟು ಬಿಗಿದು ಬಿಡೋ ಪೈಕಿ. ಎರಡಕ್ಕ ಹೋಲಿಕಿ ಇಲ್ಲ. ಮತ್ತ ಶೇ. 99.9 ಅಂದ್ರೂ ವರ್ಷಕ್ಕ ಎಂಟೂ ಮುಕ್ಕಾಲು ತಾಸು ಬಂದ್. 99.99 ಬೇಕಂದ್ರ ವರ್ಷಕ್ಕ 53 ನಿಮಿಷ ಅಷ್ಟೇ ಬೀಳಬೇಕು.

ತಂತಿಯಿಲ್ಲದ_ತಂತಿ
ಹಂಗಾರ ನಮ್ಮ ಕಿರಣನೂ 1 ಮಿಲಿರೇಡಿಯನ್‌ಗೆ ಇಳಿಸಿದ್ರ? ಪೆಟ್ಟಿಗಿಯೊಳಗ ತಿರುವೋ ಅವಕಾಶ ಅದ.

ಡೆಸಿಬೆಲ್_ದಾದಾ
6 ಡಿಬಿ ಉಳೀತದ. ಬೀಳೋ ಮಳಿ 26–39ರಿಂದ 47–66ಕ್ಕ ಏರ್ತದ. ಆದ್ರ ಆ ಕಡಿ ಬೆಳಕಿನ ಮಚ್ಚಿ 1.1 ಮೀ. ಆಗ್ತದ, ಅರ್ಧ ಮಿಲಿರೇಡಿಯನ್ ವಾಲಿದ್ರ ಲೆನ್ಸ್ ಅಂಚಿಗೆ ಬರ್ತದ. 3 ಮೀಟರ್ ಪೈಪಿನ ತುದಿ 1.5 ಮಿ.ಮೀ. ಸರದ್ರ ಅರ್ಧ ಮಿಲಿರೇಡಿಯನ್, ಮುಗೀತು. ನನ್ನ ಕೇಳಿದ್ರ ದೂರ ಮುರೀರಿ. ನಡುವ ಒಂದು ಕಟ್ಟಡ ಹುಡುಕಿ 550 ಮೀಟರ್‌ದು ಎರಡು ಜಿಗಿತ ಮಾಡ್ರಿ. 2 ಮಿಲಿರೇಡಿಯನ್ ಇಟ್ಟರೂ ಒಂದೊಂದು ಜಿಗಿತಕ್ಕ 19.7 ಡಿಬಿ ಉಳೀತದ, ಅದೂ ಅರ್ಧ ದೂರಕ್ಕ. ಕಿ.ಮೀ.ಗೆ 35.8 ಡಿಬಿ ತನಕ ತಾಳ್ತದ. ಬೀಳಬೇಕಂದ್ರ ಜಪಾನ್ ಲೆಕ್ಕಕ್ಕೂ ತಾಸಿಗೆ 140 ಮಿ.ಮೀ. ಮಳಿ ಬೇಕು, ಫ್ರಾನ್ಸ್ ಲೆಕ್ಕಕ್ಕ 187. ಪವರ್ ಹೆಚ್ಚಿಸೋದ್ರಿಂದ ಈ ಲಾಭ ಸಿಗಲ್ಲ: ಪವರ್ ದುಪ್ಪಟ್ಟು ಮಾಡಿದ್ರ ಬರೀ 3 ಡಿಬಿ.

ಗುಡುಗು_ಮಿಂಚು
ಇದಕ್ಕ ನಂದೂ ಹೌದು.

ತಂತಿಯಿಲ್ಲದ_ತಂತಿ
ನಡುವ ಖಾಲಿ ಪ್ಲಾಟ್ ಅದ, ಅಲ್ಲೇ ಒಂದು 9 ಮೀಟರ್ ಕಂಬ ನಿಲ್ಲಿಸಿದ್ರ?

ಎರೆಮಣ್ಣು
ಬ್ಯಾಡ ಬ್ಯಾಡ. ಎರಿ ಭೂಮಿ ಅದು. ಮಳಿಗೆ ಉಬ್ತದ, ಬ್ಯಾಸಿಗಿಗೆ ಬಿರಿ ಬಿಡ್ತದ, ಕಂಬ ಒಂದು ಕಡಿ ವಾಲ್ತದ. ಒಂದು ಡಿಗ್ರಿ ಅಂದ್ರ 17 ಮಿಲಿರೇಡಿಯನ್, 550 ಮೀಟರಿಗೆ ಕಿರಣ ಒಂಬತ್ತೂವರಿ ಮೀಟರ್ ಆಚೆ ಹೋಗಿ ಬೀಳ್ತದ. ಜೂನ್‌ದಾಗ ಗುರಿ ಹಿಡಿದ ಲಿಂಕ್ ಆಗಸ್ಟ್‌ದಾಗ "ಮಳಿಗೆ ವೀಕ್ ಆಯ್ತು" ಅಂತಾರ. ಮಳಿ ನಿಂತ ಮ್ಯಾಲೂ ಸಿಗ್ನಲ್ ಮ್ಯಾಲ ಬರಲಿಲ್ಲ ಅಂದ್ರ ಅದು ಹನಿ ಚದುರಿಸಿದ್ದಲ್ಲ, ಮಣ್ಣು ಉಬ್ಬಿದ್ದು. ಖರೇ ಮಳಿಯ ನಷ್ಟ ಮಳಿ ನಿಂತ ಕೂಡಲೇ ವಾಪಸ್ ಬರ್ತದ.

ಕಂಬನೇ ಬೇಕಂದ್ರ ಕರಿ ಮಣ್ಣು ದಾಟಿ ಮುರ್ರಂ ಹತ್ತೋ ತನಕ ಇಳೀಬೇಕು, ಇಲ್ಲಾಂದ್ರ ಅಂಡರ್‌ರೀಮ್ಡ್ ಪೈಲ್ (ಬುಡ ಅಗಲ ಮಾಡಿದ ಕಾಂಕ್ರೀಟ್ ಪಾಯ) ಹಾಕಬೇಕು. ಸುತ್ತ ತುಂಬೋದು ಮುರ್ರಂ, ಅಗೆದ ಎರಿ ಮಣ್ಣು ವಾಪಸ್ ಹಾಕಬ್ಯಾಡ್ರಿ. ಆ ರೊಕ್ಕದಾಗ ಯಾರದಾದ್ರೂ ಆರ್‌ಸಿಸಿ ಕಟ್ಟಡದ ಮಾಳಿಗಿ ಬಾಡಿಗಿ ಸಿಗ್ತದ. ಪೈಪ್ ಕಾಲಮ್ ತಲಿ ಮ್ಯಾಲ ನಿಲ್ಲಿಸ್ರಿ. ಪ್ಯಾರಾಪೆಟ್ ಗೋಡಿಗೆ ಬಿಗೀಬ್ಯಾಡ್ರಿ, ಸ್ಲ್ಯಾಬ್ ನಡುವನೂ ಬ್ಯಾಡ.

ಬಿಸಿಲೂರು
ಕಿರಣ ಸ್ಲ್ಯಾಬಿಗೆ ಹತ್ತಿ ಹೋಗಂಗಿಲ್ಲ ಅನ್ನೋದೂ ನೆನಪಿರಲಿ. ಮೇ ತಿಂಗಳ ಮಧ್ಯಾಹ್ನ ಮಾಳಿಗಿಯಿಂದ ಏಳೋ ಬಿಸಿ ಗಾಳಿ ಸಿಗ್ನಲ್ ಕುಣಸ್ತದ. ಪೆಟ್ಟಿಗಿ ಅಂಚಿಗೆ, ಸ್ಲ್ಯಾಬಿಂದ ಎತ್ತರಕ್ಕ ಇಡ್ರಿ. ಮಳಿ ಬಂದಾಗ ಈ ಕುಣಿತ ತಾನೇ ಕಡಿಮಿ ಆಗ್ತದ, ನೆಲ ತಂಪಾಗ್ತದಲ್ಲ. ಪೂರ್ವ-ಪಶ್ಚಿಮ ಲಿಂಕ್ ಆದ್ರ ಇನ್ನೊಂದು ಕಾಟ: ಸೂರ್ಯ ಹುಟ್ಟೋ, ಮುಳುಗೋ ಹೊತ್ತಿಗೆ ನೇರ ರಿಸೀವರ್ ಕಣ್ಣಿಗೆ ಬೀಳ್ತಾನ, ವರ್ಷದಾಗ ಕೆಲವು ದಿನ.

ಪ್ರಿಸಂ_ಪ್ರೇಮಿ
ಹನಿಗಳಲ್ಲಿ ಚದುರಿದ ಬೆಳಕು ತಡವಾಗಿ ಬಂದು ಬಿಟ್‌ಗಳು ಒಂದರ ಮೇಲೊಂದು ಬೀಳುವುದಿಲ್ಲವೇ?

ಎರಡು_ಪಟ್ಟು_ನೆರಳು
ಮಳಿಯೊಳಗ ಇಲ್ಲ. 2 ಮಿ.ಮೀ. ಹನಿ ವಿವರ್ತನೆಯಿಂದ ಬಾಗಿಸೋ ಬೆಳಕು 1 ಮಿಲಿರೇಡಿಯನ್ ಒಳಗೇ ಇರ್ತದ. ನಡು ದಾರಿಯಾಗ ಅಷ್ಟು ಬಾಗಿದ್ರ 1.1 ಕಿ.ಮೀ.ಗೆ ಹೆಚ್ಚಾಗೋ ದಾರಿ 0.14 ಮಿ.ಮೀ., ತಡ ಅರ್ಧ ಪಿಕೋಸೆಕೆಂಡ್. ನಿಮ್ಮ ಗಿಗಾಬಿಟ್ ಲಿಂಕ್‌ನ ಒಂದು ಬಿಟ್ 800 ಪಿಕೋಸೆಕೆಂಡ್.

ಇದರಾಗೇ ಒಂದು ಲಾಭನೂ ಅದ. ಬಾಗಿದ ಬೆಳಕು ಇಷ್ಟು ಸಣ್ಣ ಕೋನದಾಗ ಇರೋದ್ರಿಂದ, ರಿಸೀವರ್‌ನ ನೋಟ ಕೆಲವು ಮಿಲಿರೇಡಿಯನ್ ಅಗಲ ಇದ್ರ ಅದರ ಒಂದು ಪಾಲು ವಾಪಸ್ ಲೆನ್ಸಿಗೇ ಬರ್ತದ. ಅಂದ್ರ ಖರೇ ನಷ್ಟ ಎರಡು ಪಟ್ಟು ನೆರಳಿಗೂ ಒಂದು ಪಟ್ಟಿಗೂ ನಡುವ. ಮಾರ್ಷಲ್–ಪಾಮರ್‌ನ 12 ಡಿಬಿ ಅದಕ್ಕ ಒಮ್ಮೊಮ್ಮೆ ಜಾಸ್ತಿ ಹೇಳ್ತದ.

ಗುಡುಗು_ಮಿಂಚು
ಈಗ ಬಂದ್ರಿ ನೋಡ್ರಿ ದಾರಿಗೆ.

ಡೆಸಿಬೆಲ್_ದಾದಾ
ಅದನ್ನೂ ಉಳಿತಾಯಕ್ಕ ಹಿಡೀಬ್ಯಾಡ್ರಿ, ಗಾಜಿನ ಮ್ಯಾಲಿನ ನೀರು ತಿಂದು ಹಾಕ್ತದ.

ಗಾಜು_ಒರೆಸುವವ
ಆ ಮಾತಿಗೇ ಬರ್ತೀನಿ. 1550ರೊಳಗ ನೀರು ಬೆಳಕನ್ನ ಹೀರತದ, ಹೀರಿಕಿಯ ಗುಣಾಂಕ ಸೆಂ.ಮೀ.ಗೆ ಸುಮಾರು 10. ಹನಿಯೊಳಗ ಹೊಕ್ಕ ಬೆಳಕು ಹೆಂಗೂ ಬ್ಯಾರೆ ಕಡಿ ಹೋಗ್ತಿತ್ತು, ಅದಕ್ಕ ಗಾಳಿಯಾಗಿನ ಹನಿಗೆ ಇದು ಲೆಕ್ಕಕ್ಕಿಲ್ಲ. ಗಾಜಿನ ಮ್ಯಾಲ 1 ಮಿ.ಮೀ. ನೀರು ನಿಂತ್ರ ಮಾತ್ರ 4.3 ಡಿಬಿ ಹೋಗ್ತದ. 850ಕ್ಕ ಈ ಹೀರಿಕಿ ಇಲ್ಲ. ಗಾಜಿಗೆ ಅಂಟಿದ ಒಂದೊಂದು ಹನಿ ಲೆನ್ಸ್ ಆಗಿ ಕಿರಣ ಕೆಡಸೋದು ಎರಡಕ್ಕೂ ಒಂದೇ.

ಮಾಡಬೇಕಾದ್ದು: ಗಾಜಿನ ಮುಂದ 20–30 ಸೆಂ.ಮೀ. ಉದ್ದದ ಹುಡ್, ಕೆಳಗ ನೀರು ಇಳಿಯೋ ತೂತು. ಗಾಜು ತುಸು ಮುಂದಕ್ಕ ಬಾಗಿರಲಿ. ನೀರು ಅಂಟದ ಲೇಪ ಹಚ್ಚಿದ್ರ ಹನಿ ಜಾರಿ ಹೋಗ್ತದ, ಬಿಸಲಿಗೆ ಅದು ಸವೀತದ, ಮುಂಗಾರಿಗೆ ಮೊದಲು ಮತ್ತ ಹಚ್ಚಬೇಕು. ಬ್ಯಾಸಿಗಿ ಧೂಳಿನ ಮ್ಯಾಲ ಮೊದಲ ಅಡ್ಡಮಳಿ ನಾಕು ಹನಿ ಬಿದ್ರ ಗಾಜಿಗೆ ಕೆಸರು ಮೆತ್ತತದ. ಜೋರು ಮಳಿಗಿಂತ ಅದು ಕೆಟ್ಟದ್ದು, ತೊಳೆದು ಹೋಗಲ್ಲ. ಒರೆಸುವಾಗ ಮೊದಲು ಸ್ವಚ್ಛ ನೀರು ಹರಿಸಿ ಮಣ್ಣು ಇಳಿಸ್ರಿ, ಆಮ್ಯಾಲ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತ ಲೆನ್ಸ್ ಬಟ್ಟಿ. ಒಣ ಬಟ್ಟಿ ಉಜ್ಜಿದ್ರ ಗೀರು ಬೀಳ್ತಾವ. ಬೋರ್ ನೀರು ಒಣಗಿದ್ರ ಬಿಳಿ ಕಲಿ ಉಳೀತದ.

ಶಹಾಬಾದ್_ಪರ್ಸಿ
ಮಳಿ ಬರೋದೇ ಅಪರೂಪ, ಬಂದ್ರ ಬರ್ಲಿ ಬಿಡ್ರಿ, ಲಿಂಕ್ ಹೋದ್ರೂ ತೊಗರಿ ಬದಕ್ತದ.

ಸ್ವಿಚ್_ಮಾಸ್ತರ್
ಲಿಂಕ್ ಬಿದ್ದೇ ಬೀಳ್ತದ ಅಂತ ತಿಳಕೊಂಡು ಪಕ್ಕಕ್ಕ 5.8 ಗಿಗಾಹರ್ಟ್ಸ್ ರೇಡಿಯೋ ಇಡ್ರಿ. 2018ರಿಂದ ಆ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ. ತಾಸಿಗೆ 100 ಮಿ.ಮೀ. ಮಳಿಗೂ ಕಿ.ಮೀ.ಗೆ 1 ಡಿಬಿ ಆಸುಪಾಸು ಹೋಗ್ತದ, ಮಂಜಿಗೆ ಏನೂ ಆಗಲ್ಲ. ವೇಗ ಕಡಿಮಿ, ಆದ್ರ ಬದುಕಿರ್ತದ. 70–80 ಗಿಗಾಹರ್ಟ್ಸ್‌ದು ಇಡಬ್ಯಾಡ್ರಿ, ಅದೂ ಮಳಿಗೇ ಬೀಳ್ತದ, ಎರಡೂ ಕೂಡೇ ಹೋಗ್ತಾವ.

ಬದಲಾಯಿಸೋದು ಹೆಂಗ ಅನ್ನೋದೇ ಎಲ್ಲಾರೂ ಕೆಡಸೋ ಜಾಗ. ಹಳೇ ಸ್ಪ್ಯಾನಿಂಗ್ ಟ್ರೀ (ಎರಡು ದಾರಿ ಇದ್ದಾಗ ಒಂದನ್ನಷ್ಟೇ ತೆರೆದಿಡೋ ಸ್ವಿಚ್‌ನ ಪದ್ಧತಿ) ಇದ್ರ ಪೋರ್ಟ್ ಮತ್ತ ತೆರೀಲಿಕ್ಕೆ 30 ಸೆಕೆಂಡ್. ಜೋರು ಮಳಿಯಾಗ ಲಿಂಕ್ ಸೆಕೆಂಡಿಗೊಮ್ಮೆ ಬಂದು ಹೋಗ್ತಿರ್ತದ, ಆಗ ಇಡೀ ನೆಟ್‌ವರ್ಕ್ ಸತ್ತಂಗ. ರೂಟಿಂಗ್ ಮಾಡಿ ಬಿಎಫ್‌ಡಿ (ಲಿಂಕ್ ಬಿದ್ದದ್ದನ್ನ ಲಗೂನ ಹಿಡಿಯೋ ಪ್ರೋಟೋಕಾಲ್) ಹಾಕ್ರಿ, ಇಲ್ಲಾಂದ್ರ ಕನಿಷ್ಠ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ. ಉಳಿಕಿ 3 ಡಿಬಿಗೆ ಇಳಿದ್ರ ರೇಡಿಯೋಕ್ಕ ಹೋಗ್ಲಿ, 6 ಡಿಬಿ ಮ್ಯಾಲ ಐದು ನಿಮಿಷ ನಿಂತ ಮ್ಯಾಲೇ ವಾಪಸ್ ಬರ್ಲಿ. ಒಂದೇ ಗೆರಿ ಇಟ್ಟರ ಹೋಗಿ ಬಂದು ಹೋಗಿ ಬಂದು ಮಾಡ್ತದ.

ಇನ್ನ ದೂರು ಬಂದಾಗ ಮೊದಲು ಕರೆಂಟ್ ನೋಡ್ರಿ. ಗುಡುಗು ಮಳಿ, ಕರೆಂಟ್ ಹೋಗೋದು, ಲಿಂಕ್ ಬೀಳೋದು ಮೂರೂ ಒಂದೇ ಹೊತ್ತಿಗೆ ಆಗ್ತಾವ, ಬೈಗುಳ ಮಳಿಗೆ. ಎರಡೂ ತುದಿಗೆ ಯುಪಿಎಸ್, ಪಿಒಇ ಕೇಬಲ್‌ಗೆ (ಡೇಟಾ, ಕರೆಂಟ್ ಎರಡೂ ಒಯ್ಯೋದು) ಸರ್ಜ್ ಅರೆಸ್ಟರ್, ಪೈಪಿಗೆ ಅರ್ಥಿಂಗ್. ಕೇಬಲ್ ಪೆಟ್ಟಿಗಿಗೆ ಹೊಕ್ಕೋ ಮುಂಚೆ ಕೆಳಗಿಳಿಸಿ ಏರಿಸ್ರಿ, ನೀರು ತಂತಿ ಹಿಡಿದು ಒಳಗ ಹೋಗಬಾರ್ದು.

ತಂತಿಯಿಲ್ಲದ_ತಂತಿ
ಮುಟ್ಟಿತು. ನಡುವ ಒಂದು ಮೂರಂತಸ್ತಿನ ಕಟ್ಟಡದ ಮಾಳಿಗಿ ಕೇಳ್ತೀವಿ, ಎರಡು ಜಿಗಿತ, ಪಕ್ಕಕ್ಕ ರೇಡಿಯೋ. ಗುರಿ ಹಿಡಿಯುವಾಗ ಮೊಬೈಲ್ ಕ್ಯಾಮೆರಾದಾಗ ಕಿರಣ ಕಾಣಸ್ತದ ಅಂತಾರಲ್ಲ, ಅಷ್ಟು ಸಾಕೇನು?

ಎರಡು_ಪಟ್ಟು_ನೆರಳು
850 ಆದ್ರ ಕಾಣಸ್ತದ, 1550 ಆದ್ರ ಇಲ್ಲ. ಕ್ಯಾಮೆರಾದ ಸಿಲಿಕಾನ್ 1100 ದಾಟಿ ನೋಡಲ್ಲ. ಕಾಣಸಲಿಲ್ಲ ಅಂತ ಲೇಸರ್ ಬಂದ್ ಅದ ಅಂದ್ಕೊಂಡು ದುರ್ಬೀನು ಹಿಡೀಬ್ಯಾಡ್ರಿ ಮತ್ತ. ಪೆಟ್ಟಿಗಿ ಮ್ಯಾಲ ಕ್ಲಾಸ್ 1ಎಂ ಅಂತ ಇದ್ರ ಬರಿಗಣ್ಣಿಗಷ್ಟೇ ಸುರಕ್ಷಿತ. ಒರಟು ಗುರಿಗೆ ಪೆಟ್ಟಿಗಿಯ ಸ್ಕೋಪ್, ನಾಜೂಕು ಗುರಿಗೆ ಎದುರಿನ ರಿಸೀವರ್ ಪವರ್ ಓದಿ ಫೋನಿನಾಗ ಹೇಳೋ ಒಬ್ಬರು. ಅಡ್ಡ, ಉದ್ದ ಎರಡೂ ಕಡಿ 3 ಡಿಬಿ ಬೀಳೋ ತನಕ ತಿರುವಿ, ಆ ಎರಡರ ನಡುವ ನಿಲ್ಲಿಸ್ರಿ. ಅತಿ ಹೆಚ್ಚು ಅಂಕಿ ಕಂಡಲ್ಲೇ ಬಿಗಿದ್ರ ಪಕ್ಕದ ಮಿಣುಕಿಗೆ ಮೋಸ ಹೋಗ್ತೀರಿ.

ಎರೆಮಣ್ಣು
ನಟ್ಟು ಬಿಗಿದ ಮ್ಯಾಲ ಇನ್ನೊಮ್ಮೆ ಪವರ್ ಓದ್ರಿ. ಬಿಗಿಯುವಾಗಲೇ ಒಂದೆರಡು ಡಿಬಿ ಸರೀತದ.

ಗಾಜು_ಒರೆಸುವವ
ಹುಡ್ ಒಳಗ ಕಣಜ ಗೂಡು ಕಟ್ತದ, ಜೇಡನೂ ಬಲಿ ಹೆಣೀತದ. ನೀರು ಇಳಿಯೋ ತೂತಿಗೆ ಜಾಳಿಗಿ ಹಚ್ಚೋದು ಮರೀಬ್ಯಾಡ್ರಿ.